ಚೆಂಬೂರಿನ ರೀಫ್ ಟ್ಯಾಂಕ್‌ಗೆ ಕರೆಯದೆ ಬಂದವರು: ಒಂದು ಪ್ರಕರಣ

ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ, ಇಟ್ಟವರಿಗೆಲ್ಲ ಈ ಅನುಭವ ಆಗಿರುತ್ತದೆ. ರಾತ್ರಿ ಲೈಟ್ ಆರಿದ ಮೇಲೆ ಟಾರ್ಚ್ ಹಾಕಿ ನೋಡಿದರೆ ಕಲ್ಲಿನ ಸಂದಿಯೊಳಗೆ ಏನೋ ಒಂದು ಸರಕ್ಕನೆ ಸರಿದು ಹೋಗುತ್ತದೆ. ಅದನ್ನು ನೀವು ಕೊಂಡಿಲ್ಲ, ನೀವು ಹಾಕಿಲ್ಲ. ಕಲ್ಲಿನ ಜೊತೆಗೋ ಹವಳದ ತುಂಡಿನ ಜೊತೆಗೋ ತಾನೇ ಬಂದು ಸೇರಿಕೊಂಡಿದೆ. ಇಂಥ ಜೀವಿಗಳಿಗೆ ಹವ್ಯಾಸಿಗಳು ಹಿಚ್‌ಹೈಕರ್ ಅನ್ನುತ್ತಾರೆ. ಮುಂಬೈಯ ಚೆಂಬೂರಿನಲ್ಲಿ ಒಂದು ಮನೆಯ ಟ್ಯಾಂಕ್‌ಗೆ ಹೀಗೆ ಬಂದವರನ್ನು ಗುರುತಿಸಿದ್ದು ಹೇಗೆ, ಯಾರನ್ನು ಬಿಟ್ಟೆವು, ಯಾರನ್ನು ತೆಗೆದೆವು ಅನ್ನುವುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಆ ಮನೆಯಲ್ಲಿ ಎಲ್ಲ ಹಾನಿಯನ್ನೂ ಒಂದೇ ಹುಳುವಿನ ತಲೆಗೆ ಕಟ್ಟಿದ್ದರು. ನನಗೆ ಪರಿಚಯ ಇರುವ ಬಹಳ ಮನೆಗಳಲ್ಲಿ ಹೀಗೇ ಆಗುತ್ತದೆ.

ಮನೆಯವರು ಕುಂದಾಪುರದ ಕಡೆಯ ದಂಪತಿ. ಗಂಡನಿಗೆ ಬ್ಯಾಂಕ್ ಕೆಲಸ, ಹೆಂಡತಿ ಶಾಲೆಯಲ್ಲಿ ಪಾಠ ಮಾಡುತ್ತಾರೆ. ಹಾಲ್‌ನಲ್ಲಿ ಮೂರು ಅಡಿಯ ಟ್ಯಾಂಕ್, ಕೆಳಗೆ ನೀರು ಸೋಸುವ ಇನ್ನೊಂದು ತೊಟ್ಟಿ (ಸಂಪ್), ಎರಡೂ ಸೇರಿ ಸುಮಾರು 200 ಲೀಟರ್ ನೀರು. ಒಂದು ಜೋಡಿ ಕ್ಲೌನ್ ಮೀನು, ಕೆಲವು ಟರ್ಬೊ ಬಸವನಹುಳು, ಲೆದರ್ ಹವಳ, ಮಶ್ರೂಮ್ ಹವಳ, ಮತ್ತೆ ನಾಲ್ಕೈದು ಬಣ್ಣದ ಜೋವಾಂತಿಡ್ ಗುಂಪುಗಳು. ಜೋವಾಂತಿಡ್ ಅಂದರೆ ಹವಳದ ನೆಂಟ, ಪಾಲಿಪ್ ಅನ್ನುವ ಹೂವಿನಂಥ ಪುಟ್ಟ ಜೀವಿಗಳು ಒತ್ತೊತ್ತಾಗಿ ಬೆಳೆದ ಗುಂಪು. ಕಲ್ಲು ಹವಳ ಒಂದೂ ಇಲ್ಲ. ಅದು ಅವರು ಬೇಕೆಂದೇ ಮಾಡಿದ ಆಯ್ಕೆ. ರೀಫ್ ಕಟ್ಟುವ ಕಲ್ಲು ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಹವ್ಯಾಸಕ್ಕೆ ಅಂತ ಅವುಗಳನ್ನು ಸಮುದ್ರದಿಂದ ಕಿತ್ತು ತರುವುದು ನನ್ನ ಪ್ರಕಾರ ಕಾನೂನಿಗಿಂತ ಮೊದಲು ಮನಸ್ಸಾಕ್ಷಿಯ ಪ್ರಶ್ನೆ. ಈ ದಂಪತಿ ಆ ವಿಷಯದಲ್ಲಿ ಗಟ್ಟಿ.

ತೊಂದರೆ ಶುರುವಾದದ್ದು ಕಲ್ಲಿನಿಂದ. ಅಂಧೇರಿಯ ಪರಿಚಯದವರೊಬ್ಬರು ಗಲ್ಫ್‌ಗೆ ಹೋಗುವಾಗ ತಮ್ಮ ಹಳೆಯ ಟ್ಯಾಂಕ್ ಬಿಚ್ಚಿದರು. ಅದರಲ್ಲಿದ್ದ ಸುಮಾರು 12 ಕಿಲೊ ಕಲ್ಲು, ಎರಡು ಜೋವಾಂತಿಡ್ ಗುಂಪು ಇವರ ಮನೆಗೆ ಬಂದವು. ಕಲ್ಲು ಮೂಲದಲ್ಲಿ ಕೃತಕ, ಸಿಮೆಂಟಿನದು. ಆದರೆ ವರ್ಷಗಟ್ಟಲೆ ಟ್ಯಾಂಕ್‌ನಲ್ಲಿದ್ದು ಮೈತುಂಬ ಜೀವ ಹಿಡಿದಿತ್ತು. ನೇರಳೆ ಬಣ್ಣದ ಕೋರಲೈನ್ ಪಾಚಿ, ಗರಿ ಬಿಚ್ಚುವ ಸಣ್ಣ ಫೆದರ್ ಡಸ್ಟರ್ ಹುಳುಗಳು, ಗಾಜಿನ ಮೇಲೆ ಓಡಾಡುವ ಚುಕ್ಕೆ ಗಾತ್ರದ ಕೋಪೆಪಾಡ್‌ಗಳು. ಮೊದಲ ಎರಡು ವಾರ ಮನೆಯಲ್ಲಿ ಖುಷಿಯೋ ಖುಷಿ.

ಆಮೇಲೆ ಒಂದೊಂದೇ ದೂರು. ಎರಡು ಟರ್ಬೊ ಬಸವನಹುಳುಗಳ ಚಿಪ್ಪು ಖಾಲಿ ಸಿಕ್ಕಿತು. ಜೋವಾಂತಿಡ್‌ಗಳು ಪೂರ್ತಿ ಅರಳುತ್ತಿಲ್ಲ. ಹಸಿರು ಗುಂಪಿನ ನಡುವೆ ಪಾಲಿಪ್‌ಗಳೇ ಇಲ್ಲದ ಬೋಳು ಜಾಗ ಕಾಣಿಸಿತು. ಹಿಂದಿನ ಕಲ್ಲಿನ ಮೇಲೆ ಕಂದು ಬಣ್ಣದ, ಗಾಜಿನಂತೆ ಪಾರದರ್ಶಕವಾದ ಸಣ್ಣ ಅನಿಮೋನ್‌ಗಳು (ಹೂವಿನಂತೆ ಕಾಣುವ, ಕುಟುಕುವ ಸಮುದ್ರ ಪ್ರಾಣಿಗಳು) ಎದ್ದವು. ರಾತ್ರಿ ಟ್ಯಾಂಕ್ ಒಳಗಿಂದ ಟಕ್ ಟಕ್ ಅಂತ ಸದ್ದು. ಕೊನೆಗೆ ಒಂದು ರಾತ್ರಿ ಖಾಲಿ ಚಿಪ್ಪಿನೊಳಗಿಂದ ಗುಲಾಬಿ ಬಣ್ಣದ, ಬದಿಯಲ್ಲಿ ಬಿಳಿ ಕೂದಲಿದ್ದ, ಬೆರಳುದ್ದದ ಹುಳು ಹೊರಬಂತು. ಅಲ್ಲಿಗೆ ತೀರ್ಪು ಆಗಿಹೋಯಿತು. ಬಸವನಹುಳು ತಿಂದದ್ದೂ ಅದೇ, ಹವಳ ತಿಂದದ್ದೂ ಅದೇ, ಸದ್ದು ಮಾಡುವುದೂ ಅದೇ! ಅಕ್ವೇರಿಯಂ ಅಂಗಡಿಯೊಂದರಲ್ಲಿ ಕೇಳಿದರೆ, ಕಲ್ಲನ್ನೆಲ್ಲ ತೆಗೆದು ದೊಡ್ಡ ಪಾತ್ರೆಯಲ್ಲಿ ಕುದಿಸಿಬಿಡಿ, ಎಲ್ಲ ಸತ್ತುಹೋಗುತ್ತವೆ ಅಂದರಂತೆ.

ಆ ಪಾತ್ರೆ ಒಲೆಗೆ ಏರುವ ಮೊದಲು ಅವರು ನನಗೆ ಫೋನ್ ಮಾಡಿದ್ದು ದೊಡ್ಡ ಸಮಾಧಾನ.

ಕಲ್ಲು ಕುದಿಸಬೇಡಿ

ಈ ಬರಹದಲ್ಲಿ ಇದೊಂದೇ ಭಾಗ ಓದಿದರೂ ಸಾಕು. ಜೋವಾಂತಿಡ್‌ಗಳು, ಅದರಲ್ಲೂ ಪಾಲಿಥೋವಾ ಅನ್ನುವ ಕಂದುಬಣ್ಣದ ದಪ್ಪ ಪಾಲಿಪ್‌ಗಳು, ಪಾಲಿಟಾಕ್ಸಿನ್ ಅನ್ನುವ ವಿಷವನ್ನು ಇಟ್ಟುಕೊಂಡಿರಬಹುದು. 1971ರಲ್ಲಿ ಹವಾಯಿಯ ವಿಜ್ಞಾನಿಗಳು ಇದನ್ನು ಮೊದಲು ಬೇರ್ಪಡಿಸಿದರು. ಈಟಿಯ ತುದಿಗೆ ಸವರಲು ಅಲ್ಲಿನ ಜನ ಬಳಸುತ್ತಿದ್ದ ಸಮುದ್ರ ಜೀವಿಯನ್ನು ಹುಡುಕಿ ಹೋದಾಗ ಸಿಕ್ಕಿದ್ದು ಅದು. ನಮ್ಮ ಜೀವಕೋಶಗಳಲ್ಲಿ ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ತಳ್ಳುವ ಪಂಪ್ ಇದೆಯಲ್ಲ, ಪಾಲಿಟಾಕ್ಸಿನ್ ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಪಂಪ್ ಆಗಿದ್ದದ್ದು ಬಾಗಿಲು ತೆರೆದ ತೂತಾಗುತ್ತದೆ. ಹೃದಯ, ಸ್ನಾಯು, ಶ್ವಾಸಕೋಶ ಎಲ್ಲಕ್ಕೂ ಪೆಟ್ಟು. ಇದಕ್ಕೆ ಪ್ರತಿವಿಷ ಇಲ್ಲ. ಬಂದ ಲಕ್ಷಣಕ್ಕೆ ಮಾತ್ರ ಚಿಕಿತ್ಸೆ.

ಕಲ್ಲು ಕುದಿಸಿದರೆ ಈ ವಿಷ ಹಬೆಯ ಹನಿಗಳ ಜೊತೆ ಗಾಳಿಗೆ ಏರುತ್ತದೆ. ಹಬೆ ಯಂತ್ರದಲ್ಲಿ ತೊಳೆದರೂ, ಬಿಸಿನೀರು ಸುರಿದರೂ, ಒಣಗಿಸಿ ಬ್ರಷ್‌ನಲ್ಲಿ ಉಜ್ಜಿದರೂ ಅಪಾಯ ಅದೇ. ಉಸಿರಿನಲ್ಲಿ ಒಳಗೆ ಹೋದರೆ ಜ್ವರ, ಚಳಿ, ಬಾಯಲ್ಲಿ ಲೋಹದ ರುಚಿ, ಮೈಕೈ ನೋವು, ಉಸಿರಾಟಕ್ಕೆ ಕಷ್ಟ. ಕಣ್ಣಿಗೆ ಸಿಡಿದರೆ ಕಾರ್ನಿಯಾಗೆ ಹಾನಿ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಹವಳದ ಟ್ಯಾಂಕ್ ಸ್ವಚ್ಛ ಮಾಡಿದ ಒಂದು ಮನೆಯವರು ಆಸ್ಪತ್ರೆ ಸೇರಿದರು. ಅವರ ನೆರವಿಗೆ ಹೋದ ಅಗ್ನಿಶಾಮಕ ಸಿಬ್ಬಂದಿಯನ್ನೂ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಚೆಂಬೂರಿನ ಈ ಫ್ಲ್ಯಾಟ್‌ನಲ್ಲಿ ಅಡುಗೆಮನೆ ಹಾಲ್‌ಗೆ ಅಂಟಿಕೊಂಡೇ ಇದೆ. ಮೇ ತಿಂಗಳು, ಕಿಟಕಿ ಮುಚ್ಚಿ ಎಸಿ ಹಾಕಿದ್ದಾರೆ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ಅಂಧೇರಿಯಿಂದ ಬಂದ ಕಲ್ಲುಗಳ ಹಿಂಬದಿಯಲ್ಲಿ ಕಂದು ಪಾಲಿಥೋವಾ ದಟ್ಟವಾಗಿ ಬೆಳೆದಿತ್ತು. ಏನಾಗಬಹುದಿತ್ತು ಅಂತ ಯೋಚಿಸಿದರೆ ಈಗಲೂ ಮೈ ಜುಂ ಅನ್ನುತ್ತದೆ.

ಹಾಗಾಗಿ ಟ್ಯಾಂಕ್ ಒಳಗೆ ಕೈ ಹಾಕುವ ಪ್ರತಿ ಕೆಲಸಕ್ಕೂ ಉದ್ದನೆಯ ಗ್ಲೌಸ್, ಕಣ್ಣಿಗೆ ಕನ್ನಡಕ ಕಡ್ಡಾಯ ಅಂತ ಮೊದಲೇ ಮಾತಾಡಿಕೊಂಡೆವು. ಕೈಯಲ್ಲಿ ಗಾಯ ಇದ್ದರೆ ಆ ದಿನ ಕೆಲಸ ಬೇಡ. ಬಳಸಿದ ಚಿಮಟ, ಕತ್ತರಿಗಳನ್ನು ಬ್ಲೀಚ್ ಹಾಕಿದ ನೀರಿನಲ್ಲಿ ನೆನೆಸಿಟ್ಟು ತೊಳೆಯುವುದು. ಅಡುಗೆಮನೆಯ ಸಿಂಕ್ ಬಳಸುವ ಹಾಗಿಲ್ಲ.

ಔಷಧ ಹಾಕಿ ಎಲ್ಲವನ್ನೂ ಕೊಲ್ಲುವ ದಾರಿಯೂ ಬೇಡ ಅಂದೆ. ತಾಮ್ರದ ಔಷಧ ಹಾಕಿದರೆ ಹುಳು ಸಾಯುವುದರ ಜೊತೆಗೆ ಹವಳ, ಸೀಗಡಿ, ಬಸವನಹುಳು ಕೂಡ ಸಾಯುತ್ತವೆ. ತಾಮ್ರ ಕಲ್ಲಿನೊಳಗೆ ಇಳಿದು ಕೂತು ಆಮೇಲೂ ನೀರಿಗೆ ಬಿಡುತ್ತಾ ಇರುತ್ತದೆ. ಇನ್ನು 12 ಕಿಲೊ ಕಲ್ಲಿನೊಳಗಿನ ಜೀವವೆಲ್ಲ ಒಟ್ಟಿಗೆ ಸತ್ತರೆ ಅಮೋನಿಯಾ ಏರಿ ಮೀನೂ ಉಳಿಯುವುದಿಲ್ಲ.

ಎಲ್ಲ ಕಡೆ ಆದದ್ದು, ಒಂದೇ ಕಡೆ ಆದದ್ದು

ಟ್ಯಾಂಕ್ ಮುಂದೆ ಕೂತು ಮೊದಲು ಮಾಡಿದ ಕೆಲಸ ಹುಳು ಹುಡುಕುವುದಲ್ಲ, ಹಾನಿಯನ್ನು ಬೇರೆ ಬೇರೆ ಮಾಡುವುದು. ನನ್ನ ಅನುಭವದಲ್ಲಿ ಇದು ಎಲ್ಲಕ್ಕಿಂತ ಉಪಯೋಗದ ಪ್ರಶ್ನೆ: ಈ ತೊಂದರೆ ಟ್ಯಾಂಕ್ ತುಂಬ ಇದೆಯಾ, ಅಥವಾ ಒಂದು ಜಾಗದಲ್ಲಿ ಮಾತ್ರ ಇದೆಯಾ? ಎಲ್ಲ ಕಡೆ ಒಂದೇ ಥರ ಆಗಿದ್ದರೆ ಮೊದಲು ನೀರನ್ನು ಅನುಮಾನಿಸಬೇಕು. ಒಂದು ಮೂಲೆಯಲ್ಲಿ ಮಾತ್ರ ಆಗಿದ್ದರೆ ಯಾವುದೋ ಬಾಯಿ ಅಲ್ಲಿ ಕೆಲಸ ಮಾಡುತ್ತಿದೆ.

ಇಲ್ಲಿ ಎರಡೂ ಇದ್ದವು. ಜೋವಾಂತಿಡ್ ಅರಳದೇ ಇರುವುದು ಎಲ್ಲ ಗುಂಪುಗಳಲ್ಲೂ ಒಂದೇ ಥರ. ಲೆದರ್ ಹವಳ ಕೂಡ ಮುದುಡಿತ್ತು. ಆದರೆ ಪಾಲಿಪ್ ಕಾಣೆಯಾದದ್ದು ಹಸಿರು ಗುಂಪಿನಲ್ಲಿ ಮಾತ್ರ, ಅದೂ ಅಂಧೇರಿಯಿಂದ ಬಂದ ಗುಂಪು.

ನೀರು ಪರೀಕ್ಷಿಸಿದೆವು. ಉಷ್ಣಾಂಶ 26 ಡಿಗ್ರಿ, ಅಮೋನಿಯಾ ಸೊನ್ನೆ, ನೈಟ್ರೇಟ್ ಮಾಮೂಲಿ. ಉಪ್ಪಿನಂಶ ಅವರ ಹೈಡ್ರೋಮೀಟರ್‌ನಲ್ಲಿ 1.026, ಅಂದರೆ ಸಿಹಿನೀರಿನ ಸಾಂದ್ರತೆ 1 ಅಂತ ಹಿಡಿದರೆ ಈ ನೀರಿನದು ಅಷ್ಟು. ಎಲ್ಲ ಸರಿ ಇದೆ ಅಲ್ವಾ ಅಂದರು. ನಾನು ಒಯ್ದಿದ್ದ ರಿಫ್ರಾಕ್ಟೋಮೀಟರನ್ನು (ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ಸಾಧನ) 35 ಪಿಪಿಟಿಯ, ಅಂದರೆ ಸಾವಿರಕ್ಕೆ 35 ಪಾಲು ಉಪ್ಪಿನ, ಮಾದರಿ ದ್ರಾವಣಕ್ಕೆ ಹೊಂದಿಸಿ ಅದೇ ನೀರಿನ ಹನಿ ಇಟ್ಟು ನೋಡಿದರೆ 1.031! ಅವರದು ಒಳಗೆ ಮುಳ್ಳು ಏಳುವ ಪ್ಲಾಸ್ಟಿಕ್ ಡಬ್ಬಿಯ ಹೈಡ್ರೋಮೀಟರ್. ಮುಳ್ಳಿನ ಮೇಲೆ ಉಪ್ಪು ಗಟ್ಟಿಯಾಗಿ ಅಂಟಿತ್ತು. ಮುಳ್ಳು ಭಾರವಾದರೆ ಏಳುವುದು ಕಡಿಮೆ, ತೋರಿಸುವ ಅಂಕೆಯೂ ಕಡಿಮೆ.

ಇಷ್ಟು ಉಪ್ಪು ಏರಿದ್ದು ಹೇಗೆ ಅಂತ ವಿಚಾರಿಸಿದರೆ ಕಾರಣ ಸುಲಭಕ್ಕೆ ಸಿಕ್ಕಿತು. ಮದುವೆಗೆ ಅಂತ ಊರಿಗೆ ಹೋಗಿ ಹನ್ನೆರಡು ದಿನ ಇದ್ದರು. ಪಕ್ಕದ ಮನೆಯವರು ದಿನಾ ಬಂದು ನೀರು ತುಂಬುತ್ತಿದ್ದರು. ಬಾಲ್ಕನಿಯಲ್ಲಿ ಒಂದೇ ಥರದ ಎರಡು ಕ್ಯಾನ್, ಒಂದರಲ್ಲಿ ಆರ್‌ಒ ನೀರು, ಇನ್ನೊಂದರಲ್ಲಿ ಉಪ್ಪು ಬೆರೆಸಿಟ್ಟ ನೀರು. ಹೆಸರು ಬರೆದಿರಲಿಲ್ಲ. ಆವಿಯಾಗಿ ಹೋಗುವುದು ಬರೀ ನೀರು, ಉಪ್ಪು ಟ್ಯಾಂಕ್‌ನಲ್ಲೇ ಉಳಿಯುತ್ತದೆ. ಅದರ ಜಾಗಕ್ಕೆ ಉಪ್ಪುನೀರು ಸೇರಿಸಿದರೆ ದಿನದಿಂದ ದಿನಕ್ಕೆ ಉಪ್ಪು ಏರುತ್ತದೆ. ಲೆಕ್ಕ ಹಾಕಿ ನೋಡಿ. ಫ್ಯಾನ್ ಓಡುವ ಟ್ಯಾಂಕ್‌ನಲ್ಲಿ ದಿನಕ್ಕೆ 3 ಲೀಟರ್ ಅಂದರೂ ಹನ್ನೆರಡು ದಿನಕ್ಕೆ 36 ಲೀಟರ್. 200 ಲೀಟರ್‌ಗೆ ಅದು ನೂರಕ್ಕೆ 18. 35 ಇದ್ದದ್ದು 41 ಪಿಪಿಟಿ ಆಗುತ್ತದೆ, ಅಂದರೆ ಸುಮಾರು 1.031. ಸರಿಯಾಗಿ ನಾವು ಕಂಡ ಅಂಕೆ.

ಟರ್ಬೊ ಬಸವನಹುಳುಗಳಿಗೆ ಉಪ್ಪಿನಂಶದ ಏರುಪೇರು ತಡೆಯುವುದಿಲ್ಲ. ಅವು ಸತ್ತದ್ದಕ್ಕೆ, ಹವಳವೆಲ್ಲ ಮುದುಡಿದ್ದಕ್ಕೆ ಕಾರಣ ಇಲ್ಲೇ ಇತ್ತು. ಹುಳು ಚಿಪ್ಪಿನೊಳಗೆ ಹೋದದ್ದು ಆಮೇಲೆ, ಸತ್ತದ್ದನ್ನು ತಿನ್ನಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ಹೊರಟ ಹಾಗೆ ಆಗುತ್ತಿತ್ತು.

ಉಪ್ಪು ಇಳಿಸುವುದಕ್ಕೂ ಅವಸರ ಮಾಡಲಿಲ್ಲ. ದಿನಕ್ಕೆ 0.001ರಷ್ಟು ಮಾತ್ರ. ಸ್ವಲ್ಪ ಟ್ಯಾಂಕ್ ನೀರು ತೆಗೆದು ಅಷ್ಟೇ ಆರ್‌ಒ ನೀರು ಸೇರಿಸುತ್ತಾ ಒಂದು ವಾರದಲ್ಲಿ 1.025ಕ್ಕೆ ತಂದರು. ಕ್ಯಾನ್‌ಗಳ ಮೇಲೆ ಆಕೆ ಕನ್ನಡದಲ್ಲೂ ಮರಾಠಿಯಲ್ಲೂ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದರು.

ರಾತ್ರಿಯ ತಪಾಸಣೆ

ಇಷ್ಟಾದರೂ ಹಸಿರು ಗುಂಪಿನ ಬೋಳು ಜಾಗಕ್ಕೆ ಉತ್ತರ ಸಿಕ್ಕಿರಲಿಲ್ಲ. ನೀರಿನ ತೊಂದರೆ ಪಾಲಿಪ್‌ಗಳನ್ನು ಮುಚ್ಚಿಸುತ್ತದೆ, ಆದರೆ ಒಂದೇ ಗುಂಪಿನ ನಡುವಿನಿಂದ ಆರಿಸಿ ಕೀಳುವುದಿಲ್ಲ.

ಟಾರ್ಚ್‌ಗೆ ಕೆಂಪು ಜಿಲೆಟಿನ್ ಪೇಪರ್ ಎರಡು ಮಡಿಕೆ ಸುತ್ತಿದೆವು. ಬಹಳಷ್ಟು ಸಮುದ್ರ ಜೀವಿಗಳಿಗೆ ಕೆಂಪು ಬೆಳಕು ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಅವು ಓಡಿಹೋಗುವುದಿಲ್ಲ. ಲೈಟ್ ಆರಿ ಎರಡು ಗಂಟೆ ಆದ ಮೇಲೆ ನೋಡಲು ಶುರು. ಜೊತೆಗೆ ಒಂದು ಬಲೆ. ಸಣ್ಣ ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ, ಬಾಯಿ ಒಳಮುಖ ಆಗುವ ಹಾಗೆ ತಿರುಗಿಸಿ ಸಿಕ್ಕಿಸಿ, ಒಳಗೆ ಒಂದು ಚೂರು ಸೀಗಡಿ ಇಟ್ಟು ಕಲ್ಲಿನ ಪಕ್ಕ ಮಲಗಿಸುವುದು. ಒಳಗೆ ಹೋದವರಿಗೆ ಹೊರಬರುವ ದಾರಿ ತಿಳಿಯುವುದಿಲ್ಲ.

ಬಲೆಗೆ ಮೊದಲು ಬಿದ್ದದ್ದು ನಮ್ಮ ಮುಖ್ಯ ಆರೋಪಿ. ಅದನ್ನು ಬಿಳಿ ತಟ್ಟೆಯಲ್ಲಿ ಟ್ಯಾಂಕ್ ನೀರು ಹಾಕಿ ಬಿಟ್ಟು, ಫೋನಿಗೆ ಮ್ಯಾಕ್ರೊ ಲೆನ್ಸ್ ಸಿಕ್ಕಿಸಿ ನೋಡಿದೆವು. ಗುಲಾಬಿ ಬೂದು ಮೈ, ಪ್ರತಿ ಉಂಗುರದ ಎರಡೂ ಬದಿಗೆ ಬಿಳಿ ಮುಳ್ಳುಗೂದಲ ಗೊಂಚಲು, ಮುಟ್ಟಲು ಹೋದರೆ ಗೊಂಚಲು ಇನ್ನೂ ಅಗಲ ಬಿಚ್ಚುತ್ತದೆ. ಅದರ ಬುಡದಲ್ಲಿ ಸಣ್ಣ ಕೆಂಪು ಕಿವಿರು. ತಲೆ ಸಣ್ಣದು, ದೊಡ್ಡ ಮೀಸೆಗಳಿಲ್ಲ, ಹೊರಗೆ ಚಾಚುವ ದವಡೆಗಳಿಲ್ಲ. ಇದು ಟ್ಯಾಂಕ್‌ಗಳಲ್ಲಿ ಮಾಮೂಲಿ ಕಾಣುವ ಬ್ರಿಸಲ್ ವರ್ಮ್. ಉಳಿದ ಆಹಾರ, ಸತ್ತ ಜೀವಿ ತಿಂದು ಸ್ವಚ್ಛ ಮಾಡುವ ಕೆಲಸ ಇದರದು. ಮರಳನ್ನೂ ಕಲ್ಲಿನ ಸಂದಿಯನ್ನೂ ಇಷ್ಟು ಚೆನ್ನಾಗಿ ಚೊಕ್ಕ ಮಾಡುವವರು ಬೇರೆ ಯಾರೂ ಇಲ್ಲ ಅಂತಲೇ ಹೇಳುತ್ತೇನೆ. ಬರಿಗೈಯಲ್ಲಿ ಮಾತ್ರ ಮುಟ್ಟಬಾರದು. ಆ ಕೂದಲು ಗಾಜಿನ ಚೂರಿನಂತೆ ಚರ್ಮಕ್ಕೆ ಇಳಿದು ಉರಿಯುತ್ತದೆ. ಇಳಿದರೆ ಸೆಲ್ಲೋ ಟೇಪ್ ಒತ್ತಿ ಎಳೆಯಬೇಕು.

ಹೆದರಬೇಕಾದ ಹುಳು ಬೇರೆ ಇದೆ. ಯೂನಿಸ್ ಜಾತಿಯದು, ಬಾಬಿಟ್ ವರ್ಮ್ ಅಂತ ಹೆಸರಾದದ್ದು ಅದೇ ಕುಟುಂಬದಲ್ಲಿದೆ. ಗುರುತು ಹಿಡಿಯಲು ತಲೆ ನೋಡಬೇಕು. ಅದಕ್ಕೆ ತಲೆಯ ಮೇಲೆ ಐದು ಮೀಸೆ ಎದ್ದು ಕಾಣುತ್ತವೆ, ಮೈಗೆ ಎಣ್ಣೆ ಬಿದ್ದ ನೀರಿನ ಹಾಗೆ ಬಣ್ಣ ಬದಲಿಸುವ ಹೊಳಪು, ಬದಿಯಲ್ಲಿ ದಟ್ಟ ಬಿಳಿ ಗೊಂಚಲು ಇಲ್ಲ. ಇಂಗ್ಲೆಂಡಿನ ನ್ಯೂಕ್ವೇಯ ಅಕ್ವೇರಿಯಂನಲ್ಲಿ ಹವಳಗಳು ತುಂಡಾಗುತ್ತಾ ಮೀನುಗಳು ಗಾಯಗೊಳ್ಳುತ್ತಾ ಇದ್ದಾಗ ಕಾರಣ ತಿಳಿಯದೆ, 2009ರಲ್ಲಿ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ನಾಲ್ಕು ಅಡಿ ಉದ್ದದ ಇಂಥ ಹುಳು ಸಿಕ್ಕಿತು. ಬಲೆ ಇಟ್ಟರೆ ಬಲೆಯನ್ನೇ ಕಡಿದು ಹೋಗುತ್ತಿತ್ತಂತೆ. ಆ ಚಿತ್ರಗಳನ್ನು ನೋಡಿದವರಿಗೆ ಪ್ರತಿ ಹುಳುವೂ ಅದೇ ಅನ್ನಿಸುವುದು ಸಹಜ. ಚೆಂಬೂರಿನ ಹುಳುವಿನ ತಲೆಯನ್ನು ದೊಡ್ಡದು ಮಾಡಿ ತೋರಿಸಿದ ಮೇಲೆ ಆಕೆಯೇ ಅದನ್ನು ವಾಪಸ್ ಟ್ಯಾಂಕ್‌ಗೆ ಬಿಟ್ಟರು. ಹುಳುಗಳ ಸಂಖ್ಯೆ ಜಾಸ್ತಿ ಆದರೆ ಅದು ನೀವು ಆಹಾರ ಜಾಸ್ತಿ ಹಾಕುತ್ತಿದ್ದೀರಿ ಅನ್ನುವುದರ ಲೆಕ್ಕ. ಆಹಾರ ಕಡಿಮೆ ಮಾಡಿದರೆ ಅವೂ ಕಡಿಮೆ ಆಗುತ್ತವೆ.

ಟಕ್ ಟಕ್ ಸದ್ದಿಗೆ ಎರಡು ಸಾಧ್ಯತೆ. ಒಂದು ಮ್ಯಾಂಟಿಸ್ ಶ್ರಿಂಪ್, ಚಿಪ್ಪು ಒಡೆಯುವ ಬೇಟೆಗಾರ, ಟ್ಯಾಂಕ್‌ನಲ್ಲಿ ಇರಲೇಬಾರದು. ಇನ್ನೊಂದು ಪಿಸ್ತೂಲ್ ಶ್ರಿಂಪ್. ಇದರ ಚಿಮಟದಂಥ ಕೊಂಡಿಗಳಲ್ಲಿ ಒಂದು ತುಂಬ ದೊಡ್ಡದು. ಅದನ್ನು ಫಟ್ಟನೆ ಮುಚ್ಚಿದಾಗ ಹಾರುವ ನೀರಿನ ವೇಗಕ್ಕೆ ಒಂದು ಗುಳ್ಳೆ ಹುಟ್ಟುತ್ತದೆ, ಆ ಗುಳ್ಳೆ ಕುಸಿಯುವಾಗ ಸದ್ದು ಬರುತ್ತದೆ. ಕೊಂಡಿ ಕೊಂಡಿಗೆ ಬಡಿದು ಸದ್ದು ಬರುತ್ತದೆ ಅಂತ ಮೊದಲು ನಂಬಿದ್ದರು. 2000ದಲ್ಲಿ ಅತಿವೇಗದ ಕ್ಯಾಮೆರಾ ಇಟ್ಟು ವಿಜ್ಞಾನಿಗಳು ಗುಳ್ಳೆಯೇ ಕಾರಣ ಅಂತ ತೋರಿಸಿದರು.

ಎರಡರಲ್ಲಿ ಯಾವುದು ಅಂತ ಹೇಳಿದ್ದು ಖಾಲಿ ಚಿಪ್ಪುಗಳು. ನಾನು ಅವನ್ನು ಬಿಸಾಡಬೇಡಿ ಅಂತ ಫೋನಿನಲ್ಲೇ ಹೇಳಿದ್ದೆ. ಅಂಚು ಒಡೆದಿಲ್ಲ, ಎಲ್ಲೂ ತೂತಿಲ್ಲ, ಬಿರುಕಿಲ್ಲ. ಮ್ಯಾಂಟಿಸ್ ಹೊಡೆದಿದ್ದರೆ ಚೂರಾಗಿರುತ್ತಿತ್ತು, ಏಡಿ ತಿಂದಿದ್ದರೆ ಬಾಯಿಯ ಅಂಚು ಕಡಿದ ಗುರುತಿರುತ್ತಿತ್ತು. ಆಮೇಲೆ ಎಡಗಡೆಯ ಕಲ್ಲಿನ ಕೆಳಗೆ ಮರಳಿನ ಬಿಲದಿಂದ ಒಂದು ಜೊತೆ ಕೆಂಪು ಮೀಸೆ, ಅದರ ಹಿಂದೆ ಒಂದು ದಪ್ಪ ಕೊಂಡಿ ಕಾಣಿಸಿತು. ಮ್ಯಾಂಟಿಸ್‌ಗೆ ಇರುವಂಥ, ಕಾಂಡದ ಮೇಲೆ ಕೂತು ತಿರುಗುವ ಕಣ್ಣುಗಳು ಇಲ್ಲ. ಪಿಸ್ತೂಲ್ ಶ್ರಿಂಪ್. ಮರಳು ಅಗೆಯುತ್ತದೆ, ಅಷ್ಟೇ. ಕಲ್ಲು ಮರಳಿನ ಮೇಲೆ ಕೂತಿದ್ದರೆ ಬಿಲ ತೋಡಿದಾಗ ಜಾರಬಹುದು. ಅದಕ್ಕೆ ಕಲ್ಲನ್ನು ಕೆಳಗಿನ ಗಾಜಿಗೆ ತಾಗುವ ಹಾಗೆ ಗಟ್ಟಿ ಕೂರಿಸಿ, ಅದನ್ನು ಅದರ ಪಾಡಿಗೆ ಬಿಟ್ಟೆವು.

ಕಳ್ಳ ಸಿಕ್ಕಿದ ಜಾಗ

ಹಸಿರು ಗುಂಪಿನ ಹತ್ತಿರ ರಾತ್ರಿ ಏನೂ ಓಡಾಡುತ್ತಿರಲಿಲ್ಲ. ಹುಳು ಬರಲಿಲ್ಲ, ಏಡಿ ಬರಲಿಲ್ಲ. ಜೋವಾಂತಿಡ್ ತಿನ್ನುವವರು ಮುಖ್ಯವಾಗಿ ಎರಡು ಥರ. ಒಂದು ಸಣ್ಣ ನುಡಿಬ್ರಾಂಕ್, ಚಿಪ್ಪಿಲ್ಲದ ಬಸವನಹುಳು, ತಿಂದ ಪಾಲಿಪ್‌ನ ಬಣ್ಣವನ್ನೇ ಮೈಗೆ ತೆಗೆದುಕೊಂಡು ಅಲ್ಲೇ ಅಡಗುತ್ತದೆ. ಇನ್ನೊಂದು ಸನ್‌ಡಯಲ್ ಬಸವನಹುಳು. ಎರಡೂ ಎಲ್ಲಿಂದಲೋ ಬಂದು ಹೋಗುವುದಿಲ್ಲ. ಗುಂಪಿನ ಬುಡದಲ್ಲೇ ವಾಸ. ಹಾಗಾಗಿ ದೂರದಿಂದ ಕಾದರೆ ಪ್ರಯೋಜನ ಇಲ್ಲ ಅನ್ನಿಸಿತು.

ಗುಂಪು ಇದ್ದ ಸಣ್ಣ ಕಲ್ಲನ್ನು ಎತ್ತಿ ಟ್ಯಾಂಕ್ ನೀರೇ ತುಂಬಿದ ಟಬ್‌ನಲ್ಲಿಟ್ಟೆವು. ಪಾಲಿಪ್‌ಗಳು ಮುಚ್ಚಿಕೊಂಡ ಮೇಲೆ ನಡುವಿನ ಸಂದಿಗಳು ಕಾಣತೊಡಗಿದವು. ಎರಡು ಕಾಂಡದ ನಡುವೆ, ಮಣ್ಣಿನ ಚೂರು ಅಂತ ಬಿಟ್ಟುಬಿಡಬಹುದಾದ ಒಂದು ಚುಕ್ಕೆ. ಚಿಮಟದಲ್ಲಿ ಎತ್ತಿದರೆ ಚಿಪ್ಪು. ಐದಾರು ಮಿಲಿಮೀಟರ್ ಅಗಲ, ಎತ್ತರ ಕಡಿಮೆ, ಮೇಲೆ ಸುರುಳಿಯುದ್ದಕ್ಕೂ ಕಂದು ಬಿಳಿ ಚೌಕಗಳು. ಮಗುಚಿ ನೋಡಿದಾಗ ಸಂಶಯ ಹೋಯಿತು. ಕೆಳಗೆ ನಡುಮಧ್ಯೆ ಆಳವಾದ ಕುಳಿ, ಆ ಕುಳಿಯ ಗೋಡೆಯ ಸುತ್ತ ಹಲ್ಲುಹಲ್ಲಾದ ಅಂಚು ಸುತ್ತುತ್ತಾ ಮೇಲೆ ಹೋಗುತ್ತದೆ. ಈ ಕುಟುಂಬದ ಚಿಪ್ಪುಗಳ ಗುರುತೇ ಅದು. ಟ್ಯಾಂಕ್‌ಗಳಲ್ಲಿ ಕಾಣುವ, ಪಾಚಿ ತಿನ್ನುವ ಸಾಧು ಸಣ್ಣ ಬಸವನಹುಳುಗಳಿಗೆ ಇಂಥ ಕುಳಿ ಇರುವುದಿಲ್ಲ. ಇದು ಹೆಲಿಯಾಕಸ್ ಜಾತಿಯ ಸನ್‌ಡಯಲ್. ಉದ್ದನೆಯ ಸೊಂಡಿಲನ್ನು ಪಾಲಿಪ್ ಒಳಗೆ ಇಳಿಸಿ ತಿನ್ನುತ್ತದೆ. ಹೊರಗಿನಿಂದ ಕಚ್ಚಿದ ಗುರುತು ಕಾಣುವುದೇ ಇಲ್ಲ. ಪಾಲಿಪ್ ಸೊರಗುತ್ತದೆ, ಕರಗುತ್ತದೆ, ಬೋಳು ಜಾಗ ಉಳಿಯುತ್ತದೆ.

ಆ ಒಂದು ಗುಂಪಿನಲ್ಲಿ ಏಳು ಸಿಕ್ಕವು. ಅಂಧೇರಿಯಿಂದ ಬಂದ ಇನ್ನೊಂದು ಗುಂಪಿನಲ್ಲಿ ಎರಡು. ದಂಪತಿಯ ಹಳೆಯ ಗುಂಪುಗಳಲ್ಲಿ ಒಂದೂ ಇರಲಿಲ್ಲ. ಗಲ್ಫ್‌ಗೆ ಹೋದವರಿಗೆ ಮೆಸೇಜ್ ಹಾಕಿ ಕೇಳಿದಾಗ, ಅವರ ಟ್ಯಾಂಕ್‌ನಲ್ಲೂ ಜೋವಾಂತಿಡ್ ಕಾರಣವಿಲ್ಲದೆ ಕರಗುತ್ತಿತ್ತು ಅಂತ ಗೊತ್ತಾಯಿತು.

ಇದಕ್ಕೆ ಔಷಧದ ಸ್ನಾನ ನಂಬಬಾರದು. ಅಯೋಡಿನ್ ಡಿಪ್‌ಗೆ ಅದ್ದಿದರೆ ನುಡಿಬ್ರಾಂಕ್, ಚಪ್ಪಟೆ ಹುಳುಗಳು ಉದುರುತ್ತವೆ. ಸನ್‌ಡಯಲ್ ಮಾತ್ರ ತನ್ನ ಚಿಪ್ಪಿನ ಬಾಗಿಲು ಮುಚ್ಚಿಕೊಂಡು ಕೂತುಬಿಡುತ್ತದೆ. ಮೊಟ್ಟೆಗಳಿಗಂತೂ ಡಿಪ್ ತಾಗುವುದೇ ಇಲ್ಲ. ಕೈಯಲ್ಲಿ ಆರಿಸುವುದೇ ದಾರಿ. ಎರಡೂ ಗುಂಪುಗಳನ್ನು ಬೇರೆ ಟಬ್‌ಗೆ ಹಾಕಿದರು. ಒಂದು ಹೀಟರ್, ಸಣ್ಣ ಪಂಪ್, ಒಂದು ಲೈಟ್ ಅಷ್ಟೇ ಅಲ್ಲಿ. ವಾರಕ್ಕೊಮ್ಮೆ ಮಗುಚಿ, ಸಂದಿ ಸಂದಿ ನೋಡಿ, ಅಂಟಂಟಾದ ಮೊಟ್ಟೆ ಲೋಳೆ ಕಂಡರೆ ಕೆರೆದು ತೆಗೆಯುವುದು. ಎರಡನೇ ವಾರ ಸಾಸಿವೆ ಗಾತ್ರದ ಮೂರು ಮರಿ ಸಿಕ್ಕವು. ಆಮೇಲೆ ಸತತ ನಾಲ್ಕು ವಾರ ಏನೂ ಸಿಗದ ಮೇಲೆ ಮಾತ್ರ ಗುಂಪುಗಳು ಟ್ಯಾಂಕ್‌ಗೆ ವಾಪಸ್ ಹೋದವು. ಆಕೆ ಈ ಕೆಲಸದಲ್ಲಿ ತೋರಿಸಿದ ತಾಳ್ಮೆ ನನಗೆ ತುಂಬ ಇಷ್ಟವಾಯಿತು. ಪ್ರತಿ ವಾರದ ಫೋಟೊ, ಪಕ್ಕದಲ್ಲಿ ಅಳತೆಗೆ ಸ್ಕೇಲ್, ತಾರೀಕು, ಎಲ್ಲ ಒಂದು ನೋಟ್‌ಬುಕ್‌ನಲ್ಲಿ.

ಗಾಜಿನ ಅನಿಮೋನ್

ಹಿಂದಿನ ಕಲ್ಲಿನ ಕಂದು ಅನಿಮೋನ್ ಐಪ್ಟೇಸಿಯಾ. ಇದು ಎಲ್ಲರಿಗೂ ಗೊತ್ತಿರುವ ಶತ್ರು, ಗುರುತಿಸಲು ಕಷ್ಟ ಇಲ್ಲ. ಉದ್ದ ಕಾಂಡ, ಚೂಪು ಕೈಗಳು, ಮುಟ್ಟಿದರೆ ತೂತಿನೊಳಗೆ ಮಾಯ. ಅದರ ಕುಟುಕಿಗೆ ಪಕ್ಕದ ಹವಳ ಸುಡುತ್ತದೆ. ಕೆರೆದು ತೆಗೆಯಲು ಹೋದರೆ ಪಾದದ ಒಂದು ಚೂರು ಉಳಿದರೂ ಸಾಕು, ಅದರಿಂದ ಹೊಸ ಅನಿಮೋನ್ ಏಳುತ್ತದೆ. ಅವರು ಆಗಲೇ ಟೂತ್‌ಬ್ರಷ್ ಹಿಡಿದು ಉಜ್ಜಿದ್ದರು. ಹಾಗಾಗಿ ನಾಲ್ಕಿದ್ದದ್ದು ಹತ್ತು ಹನ್ನೆರಡು ಆಗಿತ್ತು.

ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಆರ್‌ಒ ನೀರಿನಲ್ಲಿ ಮೊಸರಿನಷ್ಟು ಗಟ್ಟಿ ಕಲಸಿ, ಸೂಜಿ ಇಲ್ಲದ ಸಿರಿಂಜ್‌ನಲ್ಲಿ ತುಂಬಿ ಅದರ ಬಾಯಿಯ ಮೇಲೆ ನಿಧಾನಕ್ಕೆ ಬಿಡುವುದು. ಎಲೆ ಅಡಿಕೆಗೆ ಹಚ್ಚುವ ಸುಣ್ಣವೂ ಇದೇ ಪದಾರ್ಥ. ಆದರೆ ಅದರಲ್ಲಿ ಬೇರೇನು ಬೆರೆತಿರುತ್ತದೋ ಹೇಳಲಾಗದು, ಶುದ್ಧ ಪುಡಿಯನ್ನೇ ತರಿಸಿದೆವು. ಪಂಪ್ ಎಲ್ಲ ಹದಿನೈದು ನಿಮಿಷ ಬಂದ್. ಒಂದು ಸಲಕ್ಕೆ ಮೂರು ನಾಲ್ಕು ಮಾತ್ರ, ಯಾಕೆಂದರೆ ಸುಣ್ಣ ಜಾಸ್ತಿ ಆದರೆ ನೀರಿನ ಪಿಎಚ್ ಒಮ್ಮೆಲೆ ಏರುತ್ತದೆ.

ಐಪ್ಟೇಸಿಯಾ ತಿನ್ನುವ ಪೆಪ್ಪರ್‌ಮಿಂಟ್ ಶ್ರಿಂಪ್ ತರಲು ಹೊರಟಾಗ ಒಂದು ಎಚ್ಚರಿಕೆ ಹೇಳಿದೆ. ಅದೇ ಹೆಸರಿನಲ್ಲಿ ಕ್ಯಾಮೆಲ್ ಶ್ರಿಂಪ್ ಕೈಗೆ ಬರುವುದುಂಟು. ಕ್ಯಾಮೆಲ್‌ಗೆ ಬೆನ್ನು ಗೂನು, ಮೈಮೇಲೆ ಕೆಂಪಿನ ನಡುವೆ ದಪ್ಪ ಬಿಳಿ ಪಟ್ಟಿಗಳು, ಮೂತಿಯ ಕೊಕ್ಕು ಮೇಲೆ ಕೆಳಗೆ ಆಡುತ್ತದೆ. ಅದು ಜೋವಾಂತಿಡ್‌ಗೇ ಬಾಯಿ ಹಾಕುತ್ತದೆ. ಅವರು ತಂದದ್ದು ಸರಿಯಾದದ್ದೇ. ಸುಣ್ಣ ತಪ್ಪಿಸಿಕೊಂಡ ಸಣ್ಣ ಮರಿಗಳನ್ನು ಅದು ಮುಗಿಸಿತು.

ತೆಗೆದದ್ದನ್ನು ಎಲ್ಲಿ ಹಾಕಬೇಕು

ಸನ್‌ಡಯಲ್‌ಗಳನ್ನು ಕೊಲ್ಲಲು ಮನಸ್ಸಾಗದೆ, ಸಮುದ್ರ ಹತ್ತಿರವೇ ಇದೆ, ಅಲ್ಲಿ ಬಿಟ್ಟರೆ ಆಗದಾ ಅಂತ ಅವರು ಕೇಳಿದರು. ಪ್ರಶ್ನೆಯ ಹಿಂದಿನ ಕರುಣೆ ನನಗೆ ಅರ್ಥವಾಗುತ್ತದೆ. ಆದರೆ ಉತ್ತರ ಖಂಡಿತ ಬೇಡ ಅಂತಲೇ. ಈ ಜೀವಿಗಳು ಯಾವ ದೇಶದ ನೀರಿನಿಂದ ಬಂದವೋ ಯಾರಿಗೂ ಗೊತ್ತಿಲ್ಲ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಬೆಳೆಸಲು ತಂದ ಕಪ್ಪಾಫೈಕಸ್ ಅನ್ನುವ ಪಾಚಿ ಅಲ್ಲಿನ ದ್ವೀಪಗಳ ಹವಳದ ಮೇಲೆ ಹಬ್ಬಿ ಉಸಿರು ಕಟ್ಟಿಸಿದ್ದನ್ನು ಕಂಡಿದ್ದೇವೆ. ಮುಂಬೈ ತೀರವೂ ಬರೀ ಕೊಳಕು ನೀರಲ್ಲ. ಇಳಿತದ ಹೊತ್ತಿಗೆ ಹಾಜಿ ಅಲಿಯ ಬಂಡೆಗಳ ಮೇಲೆ ಹೋಗಿ ನೋಡಿ, ಜೋವಾಂತಿಡ್‌ಗಳು ಹಾಸಿಕೊಂಡಿರುತ್ತವೆ. ಕೋಸ್ಟಲ್ ರೋಡ್ ಕೆಲಸಕ್ಕಾಗಿ 2020ರಲ್ಲಿ ವರ್ಲಿ ಮತ್ತು ಹಾಜಿ ಅಲಿಯಿಂದ 18 ಹವಳದ ಗುಂಪುಗಳನ್ನು ಬೇರೆ ಕಡೆ ಸಾಗಿಸಬೇಕಾಯಿತು. ಅಂಥ ತೀರಕ್ಕೆ ಜೋವಾಂತಿಡ್ ತಿನ್ನುವ ಹೊರಗಿನ ಬಸವನಹುಳು ಬಿಡುವುದು ಎಷ್ಟು ದೊಡ್ಡ ಅನ್ಯಾಯ.

ಬಸವನಹುಳುಗಳನ್ನು ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಎರಡು ದಿನ ಇಟ್ಟು, ಆಮೇಲೆ ಕಸದ ಜೊತೆ ಕೊಟ್ಟರು. ಟಬ್‌ನ ನೀರಿಗೆ ಬ್ಲೀಚ್ ಹಾಕಿ ಒಂದು ದಿನ ಇಟ್ಟು ಚೆಲ್ಲಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಹಸಿರು ಗುಂಪಿನ ಬೋಳು ಜಾಗಕ್ಕೆ ಅಂಚಿನಿಂದ ಹೊಸ ಪಾಲಿಪ್‌ಗಳು ಹಬ್ಬಿದವು. ಲೆದರ್ ಹವಳ ಉಪ್ಪು ಸರಿಯಾದ ಮರುವಾರವೇ ಎದ್ದು ನಿಂತಿತ್ತು. ಟ್ಯಾಂಕ್‌ಗೆ ಹೊಸದಾಗಿ ಏನೇ ಬಂದರೂ ಈಗ ಆರು ವಾರ ಟಬ್‌ನಲ್ಲೇ ವಾಸ, ರಾತ್ರಿ ಕೆಂಪು ಟಾರ್ಚ್ ತಪಾಸಣೆ ಬೇರೆ. ನೋಟ್‌ಬುಕ್‌ನಲ್ಲಿ ಒಂದು ನಮೂದು ಮಾತ್ರ ಇನ್ನೂ ತೆರೆದಿದೆ. ಬಲಗಡೆಯ ಕಲ್ಲಿನ ಕೆಳಗೆ ಹಳದಿ ಬಣ್ಣದ, ಅವರೆಕಾಳಿನ ಗಾತ್ರದ ಒಂದು ಉಂಡೆ. ಸ್ಪಂಜೋ, ಚೀಲದಂಥ ಸಮುದ್ರ ಪ್ರಾಣಿ ಟ್ಯೂನಿಕೇಟೋ ಇನ್ನೂ ತೀರ್ಮಾನ ಆಗಿಲ್ಲ. ಎರಡು ತೂತು ಕಂಡರೆ, ಮುಟ್ಟಿದಾಗ ಕುಗ್ಗಿದರೆ ಟ್ಯೂನಿಕೇಟ್. ತಿಂಗಳಿಗೊಂದು ಫೋಟೊ ತೆಗೆಯುತ್ತಿದ್ದಾರೆ. ಇಲ್ಲಿಯವರೆಗೆ ಅದು ಯಾರಿಗೂ ತೊಂದರೆ ಕೊಟ್ಟಿಲ್ಲ, ಹಾಗಾಗಿ ಅಲ್ಲೇ ಇದೆ.